ಕಿವಿಗೆ ಕೇಳಿಸದ ಕ್ಯಾಪಿಟಲ್ ಅಕ್ಷರ

ಡಾಕ್ಟರು ರೆಕಾರ್ಡ್ ಮಾಡಿದ್ದನ್ನು ಕೇಳಿ ರೋಗಿಯ ರಿಪೋರ್ಟು ಟೈಪ್ ಮಾಡುವುದು ನನ್ನ ಕೆಲಸ. ಆ ದಿನ ಡಾಕ್ಟರು ಹೇಳಿದ್ದು ಇಷ್ಟೇ. ಪಿ, ಎ, ಓ, ಟೂ, ಎಪ್ಪತ್ತೆರಡು. ನಾನು ಮೂರೂ ಅಕ್ಷರ ಕ್ಯಾಪಿಟಲ್ ಹೊಡೆದು ಮುಂದೆ ಹೋದೆ. ಎರಡು ದಿನ ಬಿಟ್ಟು ಆ ರಿಪೋರ್ಟು ಕ್ವಾಲಿಟಿ ನೋಡುವವರ ಕೈಯಿಂದ ವಾಪಸ್ ಬಂತು, ಮಧ್ಯದ ಎ ಮೇಲೆ ಕೆಂಪು ಗೀಟು. ಸ್ಮಾಲ್ ಎ ಆಗಬೇಕಿತ್ತು.

ಒಂದಕ್ಷರಕ್ಕೆ ಇಷ್ಟು ದೊಡ್ಡ ತಪ್ಪಾ ಅಂತ ಆಗ ಸಿಟ್ಟು ಬಂದಿತ್ತು. ಆಮೇಲೆ ಕುಳಿತು ಓದಿದೆ. ಎ ಸ್ಮಾಲ್ ಆದರೆ ಅದು ಅಪಧಮನಿಯ ರಕ್ತದಲ್ಲಿರುವ ಆಕ್ಸಿಜನ್ನಿನ ಒತ್ತಡ. ಎ ಕ್ಯಾಪಿಟಲ್ ಆದರೆ ಶ್ವಾಸಕೋಶದ ಪುಟ್ಟ ಗಾಳಿಚೀಲದಲ್ಲಿರುವ ಆಕ್ಸಿಜನ್ನಿನ ಒತ್ತಡ. ಎರಡೂ ಬೇರೆ ಬೇರೆ ಲೆಕ್ಕ, ಮತ್ತೆ ಇವೆರಡರ ನಡುವಿನ ಅಂತರ ನೋಡಿಯೇ ಡಾಕ್ಟರು ಆಕ್ಸಿಜನ್ ಎಲ್ಲಿ ತಡೆಯುತ್ತಿದೆ ಅಂತ ಅಂದಾಜು ಮಾಡುತ್ತಾರೆ. ಕೆಲವು ರಿಪೋರ್ಟಿನಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಡಾಕ್ಟರ ಬಾಯಲ್ಲಿ ಮಾತ್ರ ಎರಡೂ ಒಂದೇ, "ಎ".

ಈ ಕೆಲಸದಲ್ಲಿ ಕಷ್ಟ ಯಾವುದು ಅಂತ ಯಾರಾದರೂ ಕೇಳಿದರೆ ನಾವೆಲ್ಲ ಡಾಕ್ಟರ ಉಚ್ಚಾರ ಅಂತ ಹೇಳುತ್ತೇವೆ. ನಿಜ, ಅದೂ ಕಷ್ಟವೇ. ಆದರೆ ಉಚ್ಚಾರಕ್ಕೆ ಒಂದು ದಾರಿ ಇದೆ, ಕಾಲಡಿಯ ಪೆಡಲ್ ಒತ್ತಿ ಆಡಿಯೋದಲ್ಲಿ ಹಿಂದೆ ಹೋಗಿ ಮತ್ತೆ ಕೇಳಬಹುದು, ನಿಧಾನ ಮಾಡಿ ಕೇಳಬಹುದು. ಕ್ಯಾಪಿಟಲ್ ಅಕ್ಷರವನ್ನು ನೂರು ಸಲ ಕೇಳಿದರೂ ಅದು ಕೇಳಿಸುವುದಿಲ್ಲ. ಅದಕ್ಕೆ ಸದ್ದೇ ಇಲ್ಲ. ಅಲ್ಲಿ ಏನಿರಬೇಕು ಅಂತ ನಮಗೇ ಗೊತ್ತಿರಬೇಕು.

ನಾನು ಶಿರಸಿಯವಳು. ಬೆಂಗಳೂರಿನಲ್ಲಿ ಮೂರು ವರ್ಷ ಆಫೀಸಿಗೆ ಹೋಗಿ ಈ ಕೆಲಸ ಕಲಿತು, ಆಮೇಲೆ ಮನೆಗೆ ಬಂದು ಉಪ್ಪರಿಗೆಯ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಹತ್ತು ವರ್ಷ ಆಯ್ತು. ಅಮೆರಿಕದಲ್ಲಿ ಡಾಕ್ಟರು ರೋಗಿಯನ್ನು ನೋಡಿ ರೆಕಾರ್ಡ್ ಮಾಡಿದ್ದು ನಮಗೆ ರಾತ್ರಿ ಹೊತ್ತಿಗೆ ಆಡಿಯೋ ಆಗಿ ಬರುತ್ತದೆ. ಕಿವಿಗೆ ಹೆಡ್‌ಫೋನ್, ಕಾಲಡಿಗೆ ಪೆಡಲ್, ಬೆಳಗಾಗುವುದರ ಒಳಗೆ ಫೈಲು ವಾಪಸ್ ಹೋಗಬೇಕು. 65 ಅಕ್ಷರಕ್ಕೆ ಒಂದು ಸಾಲು ಅಂತ ಲೆಕ್ಕ, ಆ ಲೆಕ್ಕದಲ್ಲಿ ನನಗೆ ದುಡ್ಡು. ಶಿಫ್ಟ್ ಒತ್ತಿದ್ದಕ್ಕೆ ದುಡ್ಡಿಲ್ಲ. ಆದರೆ ಶಿಫ್ಟ್ ತಪ್ಪಿದರೆ ಮಾರ್ಕು ಹೋಗುತ್ತದೆ, ಮಾರ್ಕು 98ರ ಕೆಳಗೆ ಇಳಿದರೆ ಆ ತಿಂಗಳ ಇನ್ಸೆಂಟಿವ್ ಹೋಗುತ್ತದೆ.

ಬೆಂಗಳೂರಿಗೆ ಹೋಗುವ ಮೊದಲು ನಾನು ದೇವಿಕೆರೆ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪ್ ಮಾಡುತ್ತಿದ್ದೆ. ಮದುವೆ ಕಾಗದ, ಉಪನಯನದ ಕಾಗದ, ಸೊಸೈಟಿಯ ವರದಿ, ಜಾತ್ರೆಯ ವರ್ಷ ಹರಕೆ ಆಟದ ಹ್ಯಾಂಡ್‌ಬಿಲ್ಲು. ಬರಹ ಸಾಫ್ಟ್‌ವೇರಿನಲ್ಲಿ ಹೊಡೆಯುತ್ತಿದ್ದೆವು. ಅದರಲ್ಲಿ ಹೊಡೆದವರಿಗೆ ಗೊತ್ತು, ಸ್ಮಾಲ್ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಎಲ್ ಒತ್ತಿದರೆ ಳ. ಸ್ಮಾಲ್ ಎನ್ ನ, ಕ್ಯಾಪಿಟಲ್ ಎನ್ ಣ. ಒಂದು ಶಿಫ್ಟ್ ಜಾಸ್ತಿ ಆದರೆ ಹಾಲು ಹಾಳಾಗುತ್ತದೆ, ಒಂದು ಕಡಿಮೆ ಆದರೆ ಮಗಳು "ಮಗಲು" ಆಗುತ್ತಾಳೆ. ಮದುವೆ ಕಾಗದದಲ್ಲಿ ಹಾಗಾದರೆ ಹುಡುಗಿ ಮನೆಯವರ ಮುಖ ನೋಡಲಿಕ್ಕೆ ಆಗುವುದಿಲ್ಲ. ಅಂಗಡಿಯವರು ಪ್ರತಿ ಪ್ರೂಫಿಗೂ, "ಲ ಳ ನೋಡಿದ್ಯಾ ತಂಗಿ?" ಅಂತ ಒಂದು ಮಾತು ಕೇಳಿಯೇ ಪ್ರಿಂಟಿಗೆ ಕೊಡುತ್ತಿದ್ದರು.

ಆ ಕೆಂಪು ಗೀಟು ಬಂದ ರಾತ್ರಿ ನನಗೆ ಈ ಮಾತು ನೆನಪಾಯಿತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಇಲ್ಲ. ಅದಕ್ಕೇ ನನ್ನ ತಲೆಯಲ್ಲಿ ಇಂಗ್ಲಿಷಿನ ಕ್ಯಾಪಿಟಲ್ ಅಂದರೆ ಬರೀ ಅಲಂಕಾರ ಅಂತ ಕುಳಿತಿತ್ತು, ವಾಕ್ಯದ ಶುರುವಿಗೆ ಒಂದು, ಹೆಸರಿಗೆ ಒಂದು, ಅಷ್ಟೇ. ಅದನ್ನು ಬಿಟ್ಟು, ಈ ಕೆಲಸದಲ್ಲಿ ದೊಡ್ಡ ಎ ಮತ್ತು ಚಿಕ್ಕ ಎ ಅಂದರೆ ಲ ಮತ್ತು ಳ ಇದ್ದ ಹಾಗೆ ಎರಡು ಬೇರೆ ಅಕ್ಷರ ಅಂತ ಅಂದುಕೊಂಡೆ. ಅಲ್ಲಿಂದ ನನ್ನ ತಪ್ಪು ಕಡಿಮೆ ಆಗಲಿಕ್ಕೆ ಶುರುವಾಯಿತು.

ಹಾಗೆ ನೋಡಲಿಕ್ಕೆ ಹೊರಟರೆ ಎಲ್ಲ ಕಡೆ ಸಿಗುತ್ತವೆ. ಎಂ ಮತ್ತು ಜಿ ಎರಡೂ ಸ್ಮಾಲ್ ಆದರೆ ಮಿಲಿಗ್ರಾಂ, ಎಂ ಕ್ಯಾಪಿಟಲ್ ಆದರೆ ಮೆಗ್ನೀಷಿಯಂ. ಪಿಎಚ್‌ನಲ್ಲಿ ಪಿ ಯಾವಾಗಲೂ ಸ್ಮಾಲ್, ವಾಕ್ಯದ ಶುರುವಿಗೆ ಬಂದರೂ ಸ್ಮಾಲೇ, ಅದಕ್ಕೇ ನಾನು ಅದಕ್ಕಿಂತ ಮೊದಲು "ದಿ" ಸೇರಿಸಿ ವಾಕ್ಯ ಶುರು ಮಾಡುತ್ತೇನೆ. ಮಿಲಿಲೀಟರಿನ ಎಲ್ ಕ್ಯಾಪಿಟಲ್ ಹಾಕುವುದು ಒಳ್ಳೆಯದು, ಯಾಕೆಂದರೆ ಸ್ಮಾಲ್ ಎಲ್ ಒಂದರ ಹಾಗೆ ಕಾಣುತ್ತದೆ, ಪಕ್ಕದಲ್ಲಿ ಅಂಕಿ ಇರುವಾಗ ಅದು ಭಯದ ವಿಷಯ.

ಗ್ರಾಂ ಅನ್ನುವ ಶಬ್ದ ನನ್ನನ್ನು ಜಾಸ್ತಿ ಕಾಡಿದ್ದು. ಗ್ರಾಂ ಸ್ಟೇನ್ ಅಂದರೆ ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ನೋಡುವ ಪರೀಕ್ಷೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಅನ್ನುವ ಡಾಕ್ಟರು 1884ರಲ್ಲಿ ಪ್ರಕಟಿಸಿದ್ದು. ಅದು ಮನುಷ್ಯನ ಹೆಸರು, ಹಾಗಾಗಿ ಜಿ ಕ್ಯಾಪಿಟಲ್. ಆದರೆ ಅದೇ ಪರೀಕ್ಷೆಯ ಫಲಿತಾಂಶ ಹೇಳುವಾಗ, ಗ್ರಾಂ ನೆಗೆಟಿವ್, ಗ್ರಾಂ ಪಾಸಿಟಿವ್ ಅನ್ನುವಾಗ, ನಮ್ಮ ಸ್ಟೈಲ್ ಪುಸ್ತಕದ ಪ್ರಕಾರ ಜಿ ಸ್ಮಾಲ್. ತೂಕದ ಗ್ರಾಂ ಅಂತೂ ಸ್ಮಾಲೇ. ಒಂದೇ ರಿಪೋರ್ಟಿನಲ್ಲಿ ಡಾಕ್ಟರು ಮೂರನ್ನೂ ಹೇಳುತ್ತಾರೆ, ಮೂರೂ ಕಿವಿಗೆ ಒಂದೇ ತರ. ಪಾರ್ಕಿನ್ಸನ್ ಕಾಯಿಲೆಗೂ ಹೀಗೇ. ಪಾರ್ಕಿನ್ಸನ್ ಅಂತ ಹೆಸರು ಹಾಗೇ ಇದ್ದರೆ ಕ್ಯಾಪಿಟಲ್, ಪಾರ್ಕಿನ್ಸನಿಸಂ ಅಂತ ಬಾಲ ಸೇರಿದರೆ ಸ್ಮಾಲ್.

ಔಷಧಿಯ ಹೆಸರಿನದು ಇನ್ನೊಂದು. ಕಂಪನಿ ಇಟ್ಟ ಹೆಸರಾದರೆ ಕ್ಯಾಪಿಟಲ್, ಔಷಧದ ಸ್ವಂತ ಹೆಸರಾದರೆ ಸ್ಮಾಲ್. ಲೇಸಿಕ್ಸ್ ಕ್ಯಾಪಿಟಲ್, ಅದೇ ಔಷಧ ಫ್ಯೂರೊಸಮೈಡ್ ಸ್ಮಾಲ್. ಟೈಲೆನಾಲ್ ಕ್ಯಾಪಿಟಲ್, ಅಸೆಟಮಿನೋಫೆನ್ ಸ್ಮಾಲ್. ನಿಯಮ ಒಂದೇ ಸಾಲಿನದು. ಆದರೆ ಮೆಡಿಕಲ್ ಶಾಪಿಗೆ ಹೋಗಿ ಕ್ರೋಸಿನ್ ಕೊಡಿ ಅಂತ ಕೇಳಿ ಬೆಳೆದ ನಮಗೆ ಯಾವುದು ಕಂಪನಿಯ ಹೆಸರು ಯಾವುದು ಔಷಧದ ಹೆಸರು ಅನ್ನುವ ಭೇದವೇ ಇರಲಿಲ್ಲ. ಅಮೆರಿಕದ ಹೆಸರುಗಳಂತೂ ಕೇಳಿಯೇ ಇರಲಿಲ್ಲ. ಒಂದೊಂದನ್ನೂ ಹುಡುಕಿ ನೋಡಿ ಬರೆದಿಟ್ಟುಕೊಳ್ಳದೆ ಬೇರೆ ದಾರಿ ಇಲ್ಲ. ನಾನು ಹಾಗೇ ಮಾಡಿದ್ದು, ಉದ್ದ ನೋಟ್‌ಬುಕ್ಕಿನಲ್ಲಿ, ಎಡಗಡೆ ಕ್ಯಾಪಿಟಲ್ಲಿನವು, ಬಲಗಡೆ ಸ್ಮಾಲಿನವು.

ಕೆಲವು ಆಸ್ಪತ್ರೆಯವರು ಔಷಧದ ಹೆಸರಿನ ಮಧ್ಯದಲ್ಲೇ ಕ್ಯಾಪಿಟಲ್ ಕೇಳುತ್ತಾರೆ. ಮೊದಲು ನೋಡಿದಾಗ ಟೈಪಿಂಗ್ ತಪ್ಪು ಅಂತಲೇ ಅನಿಸುತ್ತದೆ. ಹೈಡ್ರಲಜೀನ್ ಬಿಪಿಗೆ ಕೊಡುವ ಔಷಧ, ಹೈಡ್ರಾಕ್ಸಿಜೀನ್ ತುರಿಕೆಗೆ, ಆತಂಕಕ್ಕೆ ಕೊಡುವಂಥದ್ದು. ಇಂಗ್ಲಿಷಿನಲ್ಲಿ ಎರಡೂ ಶುರು ಒಂದೇ, ಕೊನೆ ಒಂದೇ. ಬದಲಾಗುವ ಭಾಗವನ್ನು ದೊಡ್ಡಕ್ಷರದಲ್ಲಿ ಬರೆದರೆ ಓದುವ ನರ್ಸಿನ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಟಾಲ್ ಮ್ಯಾನ್ ಅಕ್ಷರ ಅನ್ನುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ ಔಷಧ ಕಂಪನಿಗಳಿಗೆ ಹೀಗೆ ಬರೆಯಿರಿ ಅಂತ ಹೇಳಲಿಕ್ಕೆ ಶುರು ಮಾಡಿತು. ಇಲ್ಲಿ ನಾನು ಕಿವಿಯನ್ನು ನಂಬುವುದೇ ಇಲ್ಲ. ಈ ಎರಡರಲ್ಲಿ ಯಾವುದೇ ಕೇಳಿದರೂ ಪೆಡಲ್ ಬಿಟ್ಟು, ರಿಪೋರ್ಟಿನ ಮೇಲೆ ಹೋಗಿ, ರೋಗಿಗೆ ಬಿಪಿ ಇದೆಯೋ ತುರಿಕೆ ಇದೆಯೋ ನೋಡಿ, ಆಮೇಲೆ ಹೊಡೆಯುತ್ತೇನೆ. ಎರಡೂ ಇದ್ದು ಸಂಶಯ ಬಂದರೆ ಜಾಗ ಖಾಲಿ ಬಿಟ್ಟು ಗುರುತು ಹಾಕಿ ಕಳಿಸುತ್ತೇನೆ. ಊಹೆ ಮಾಡಿ ತುಂಬಬಾರದು.

ಇನ್ನು ಮಷೀನಿನ ಉಪದ್ರವ. ಟೈಪ್ ಮಾಡಲಿಕ್ಕೆ ನಮಗೆ ಕೊಟ್ಟ ಎಡಿಟರ್ ಸಾಫ್ಟ್‌ವೇರಿಗೆ ಒಂದು ಚುಕ್ಕೆ, ಅದರ ಮುಂದೆ ಒಂದು ಸ್ಪೇಸ್ ಕಂಡರೆ ವಾಕ್ಯ ಮುಗಿಯಿತು ಅಂತ ಅರ್ಥ. ಔಷಧದ ಪಟ್ಟಿಯಲ್ಲಿ ಬಾಯಿಂದ ತೆಗೆದುಕೊಳ್ಳುವುದು, ದಿನಕ್ಕೆ ಎರಡು ಸಲ ಅನ್ನುವುದಕ್ಕೆಲ್ಲ ಚುಕ್ಕೆ ಇಟ್ಟ ಚಿಕ್ಕ ಗುರುತುಗಳಿವೆ. ಪ್ರತಿ ಚುಕ್ಕೆ ಆದ ಮೇಲೂ ಮುಂದಿನ ಶಬ್ದ ತಾನಾಗಿ ಕ್ಯಾಪಿಟಲ್ ಆಗುತ್ತಿತ್ತು. ಹನ್ನೆರಡು ಔಷಧ ಇರುವ ಅಜ್ಜನ ರಿಪೋರ್ಟು ಬಂದರೆ ಹನ್ನೆರಡು ಕಡೆ ವಾಪಸ್ ಹೋಗಿ ತಿದ್ದಬೇಕು. ಒಂದು ರಾತ್ರಿ, ಜುಲೈ ತಿಂಗಳು, ಹಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಹೆಡ್‌ಫೋನಿನಲ್ಲೂ ಸರಿ ಕೇಳುತ್ತಿಲ್ಲ, ಅದರ ಮೇಲೆ ಇದು. ಕೀಬೋರ್ಡ್ ಕುಟ್ಟಿದ ಸದ್ದಿಗೆ ಕೆಳಗಿನಿಂದ ಆಯಿ "ಎಂತ ಆತೇ ಕೂಸೇ?" ಅಂತ ಕೇಳಿದರು. ಏನು ಅಂತ ಹೇಳಲಿ, ಬೇಡದ ಕಡೆ ಅಕ್ಷರ ದೊಡ್ಡದಾಗುತ್ತದೆ ಅಂತ ಹೇಳಿದರೆ ಅದು ಒಂದು ಕಷ್ಟ ಅಂತ ಯಾರಿಗಾದರೂ ಅನಿಸುತ್ತದಾ?

ಮರುದಿನ ಸೆಟ್ಟಿಂಗ್ ಹುಡುಕಿ ಆಫ್ ಮಾಡಿದೆ. ಇಷ್ಟು ದಿನ ಯಾಕೆ ಮಾಡಲಿಲ್ಲ ಅಂತ ಈಗಲೂ ಬೇಜಾರಾಗುತ್ತದೆ. ವರ್ಡಿನಲ್ಲಿ ಕೆಲಸ ಮಾಡುವವರಿಗೆ ಹೇಳುತ್ತೇನೆ: ಫೈಲ್, ಆಪ್ಷನ್ಸ್, ಪ್ರೂಫಿಂಗ್, ಅಲ್ಲಿ ಆಟೋಕರೆಕ್ಟ್ ಆಪ್ಷನ್ಸ್. ವಾಕ್ಯದ ಮೊದಲಕ್ಷರ ಕ್ಯಾಪಿಟಲ್ ಮಾಡು ಅನ್ನುವುದರ ಟಿಕ್ ತೆಗೆಯಿರಿ. ಪೂರ್ತಿ ತೆಗೆಯಲಿಕ್ಕೆ ಮನಸ್ಸಿಲ್ಲದಿದ್ದರೆ ಪಕ್ಕದಲ್ಲೇ ಎಕ್ಸೆಪ್ಷನ್ಸ್ ಅಂತ ಇದೆ, ಯಾವ ಚುಕ್ಕೆ ಆದ ಮೇಲೆ ಸುಮ್ನಿರಬೇಕು ಅಂತ ಅಲ್ಲಿ ಪಟ್ಟಿ ಕೊಡಬಹುದು. ಶುರುವಿನ ಎರಡು ಕ್ಯಾಪಿಟಲ್ ಅಕ್ಷರಗಳಲ್ಲಿ ಎರಡನೆಯದನ್ನು ಸ್ಮಾಲ್ ಮಾಡುವ ಟಿಕ್ ಕೂಡ ಅಲ್ಲೇ ಇದೆ, ನಾನು ಅದನ್ನೂ ತೆಗೆದಿದ್ದೇನೆ. ಹೊಡೆದಾದ ಮೇಲೆ ಒಂದು ಶಬ್ದದ ಕೇಸ್, ಅಂದರೆ ಸ್ಮಾಲೋ ಕ್ಯಾಪಿಟಲ್ಲೋ ಅನ್ನುವುದನ್ನು, ಬದಲಿಸಬೇಕಾದರೆ ಶಬ್ದದ ಮೇಲೆ ಕರ್ಸರ್ ಇಟ್ಟು ಶಿಫ್ಟ್ ಮತ್ತು ಎಫ್3. ಒತ್ತಿದ ಹಾಗೆ ಸ್ಮಾಲ್, ಮೊದಲಕ್ಷರ ಕ್ಯಾಪಿಟಲ್, ಪೂರ್ತಿ ಕ್ಯಾಪಿಟಲ್ ಅಂತ ತಿರುಗುತ್ತದೆ. ಅಳಿಸಿ ಮತ್ತೆ ಹೊಡೆಯುವುದಕ್ಕಿಂತ ಎಷ್ಟೋ ವಾಸಿ.

ಕ್ಯಾಪ್ಸ್ ಲಾಕ್ ಕೀಯನ್ನು ನಾನು ಈಗ ಮುಟ್ಟುವುದೇ ಇಲ್ಲ. ತಲೆಬರಹಗಳನ್ನೆಲ್ಲ ಪೂರ್ತಿ ಕ್ಯಾಪಿಟಲ್ಲಿನಲ್ಲಿ ಹೊಡೆಯಬೇಕು, ಅಲರ್ಜಿ ಇರುವ ಔಷಧವನ್ನೂ ಹಾಗೇ ಹೊಡೆಯಿರಿ ಅಂತ ಕೆಲವರು ಕೇಳುತ್ತಾರೆ, ಅದಕ್ಕೆ ಮೊದಲು ಕ್ಯಾಪ್ಸ್ ಲಾಕ್ ಹಾಕಿ, ತೆಗೆಯಲಿಕ್ಕೆ ಮರೆತು, ಕಣ್ಣು ಬೇರೆ ಕಡೆ ಇದ್ದು ಮೂರು ಸಾಲು ಹೋಗಿಬಿಡುತ್ತಿತ್ತು. ವಿಂಡೋಸಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಟಾಗಲ್ ಕೀಸ್ ಅಂತ ಇದೆ. ಆನ್ ಮಾಡಿದರೆ ಕ್ಯಾಪ್ಸ್ ಲಾಕ್ ಒತ್ತಿದ ಕೂಡಲೇ ಬೀಪ್ ಬರುತ್ತದೆ. ಹೇಗೂ ಹೆಡ್‌ಫೋನ್ ಕಿವಿಯಲ್ಲೇ ಇರುತ್ತದಲ್ವಾ, ಕೈ ತಪ್ಪಿ ತಾಗಿದರೂ ತಕ್ಷಣ ಗೊತ್ತಾಗುತ್ತದೆ. ಅದೇ ಕಡೆ ಸ್ಟಿಕಿ ಕೀಸಿನ ಕೀಬೋರ್ಡ್ ಶಾರ್ಟ್‌ಕಟ್ ಆಫ್ ಮಾಡಿಡಿ, ಇಲ್ಲದಿದ್ದರೆ ಶಿಫ್ಟ್ ಐದು ಸಲ ಒಟ್ಟೊಟ್ಟಿಗೆ ಒತ್ತಿದಾಗ ಕೆಲಸದ ಮಧ್ಯೆ ಒಂದು ಕಿಟಕಿ ತೆರೆದು ನಿಲ್ಲುತ್ತದೆ.

ಕಿರುಬೆರಳಿನ ಬಗ್ಗೆಯೂ ಹೇಳಬೇಕು. ನಾನು ವರ್ಷಗಟ್ಟಲೆ ಎಡಗಡೆಯ ಶಿಫ್ಟ್ ಒಂದನ್ನೇ ಒತ್ತಿದೆ. ಎಡಗೈ ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ನೋವು ಹಿಡಿಯಿತು, ತೆಂಗಿನಕಾಯಿ ತುರಿಯಲಿಕ್ಕೂ ಆಗದ ಹಾಗೆ. ಎಡಗೈಯ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈಯ ಅಕ್ಷರಕ್ಕೆ ಎಡ ಶಿಫ್ಟ್ ಅನ್ನುವುದು ಟೈಪಿಂಗ್ ಕ್ಲಾಸಿನ ಮೊದಲ ಪಾಠ. ಅದನ್ನು ಮತ್ತೆ ಕಲಿಯಲಿಕ್ಕೆ ಎರಡು ತಿಂಗಳು ಹಿಡಿಯಿತು, ಆ ಎರಡು ತಿಂಗಳು ಸ್ಪೀಡ್ ಕಮ್ಮಿಯಾಗಿ ಸಾಲೂ ಕಮ್ಮಿಯಾಯಿತು, ಆದರೂ ಕಲಿತೆ.

ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಎಕ್ಸ್‌ಪ್ಯಾಂಡರ್. ಚಿಕ್ಕ ಗುರುತು ಹೊಡೆದರೆ ಪೂರ್ತಿ ಶಬ್ದ ಬಂದು ಕೂರುವ ಸಾಫ್ಟ್‌ವೇರ್. ಎಲ್ಲರೂ ಅದನ್ನು ಸ್ಪೀಡಿಗೆ ಅಂತ ಇಟ್ಟುಕೊಳ್ಳುತ್ತಾರೆ, ನಾನು ಕ್ಯಾಪಿಟಲ್ಲಿಗೆ ಅಂತ ಇಟ್ಟುಕೊಂಡೆ. ಒಂದು ಶಬ್ದದ ಕೇಸ್ ಯಾವುದು ಅಂತ ಒಂದು ಸಲ ಸರಿಯಾಗಿ ಹುಡುಕಿ ನೋಡಿ ಅದರಲ್ಲಿ ಹಾಕಿದರೆ ಮುಗಿಯಿತು, ಆಮೇಲೆ ರಾತ್ರಿ ಮೂರು ಗಂಟೆಗೆ ಕಣ್ಣು ಎಳೆಯುವಾಗಲೂ ಅದು ಸರಿಯಾಗಿಯೇ ಬರುತ್ತದೆ. ಹೈಡ್ರಲಜೀನ್ ಹೆಸರಿನ ದೊಡ್ಡಕ್ಷರಗಳು ನನ್ನ ಬೆರಳಿಗೆ ಈಗ ಗೊತ್ತೇ ಇಲ್ಲ. ಆಕ್ಸಿಜನ್ನಿನ ಆ ಎರಡು ಎಗಳಿಗೆ ಬರಹದ ಉಪಾಯವನ್ನೇ ಮಾಡಿದೆ. ಬರಹದಲ್ಲಿ ಎ ಒಂದು ಸಲ ಹೊಡೆದರೆ ಅ, ಎರಡು ಸಲ ಹೊಡೆದರೆ ಆ. ಹಾಗೇ ಗುರುತಿನಲ್ಲಿ ಎ ಒಂದು ಇದ್ದರೆ ರಕ್ತದ್ದು, ಎರಡು ಇದ್ದರೆ ಗಾಳಿಚೀಲದ್ದು. ಎರಡನೇ ಎ ಒತ್ತಲಿಕ್ಕೆ ಬೆರಳು ಹೋಗುವಾಗ, ಇಲ್ಲಿ ಯಾವುದು, ಅಂತ ತಲೆ ತಾನಾಗಿ ಕೇಳುತ್ತದೆ. ಆ ಅರ್ಧ ಸೆಕೆಂಡೇ ನನಗೆ ಬೇಕಾಗಿದ್ದಿದ್ದು.

ಈಗೀಗ ಪೂರ್ತಿ ಟೈಪ್ ಮಾಡುವ ಫೈಲು ಕಡಿಮೆ. ಮಷೀನು ಕೇಳಿ ಬರೆದದ್ದನ್ನು ನಾವು ತಿದ್ದುವುದು ಜಾಸ್ತಿ. ಮಷೀನು ಶಬ್ದ ಚೆನ್ನಾಗಿ ಹಿಡಿಯುತ್ತದೆ, ಕ್ಯಾಪಿಟಲ್ ಅಲ್ಲೂ ಅದಕ್ಕೆ ಕೇಳಿಸುವುದಿಲ್ಲ. ಹೋದ ವಾರ ಒಂದು ಫೈಲಿನಲ್ಲಿ ಮಾರ್ಚ್ ಫ್ರ್ಯಾಕ್ಚರ್ ಅಂತ ಬಂತು, ಎಂ ಕ್ಯಾಪಿಟಲ್ ಹಾಕಿ. ಅದು ಮಾರ್ಚ್ ತಿಂಗಳಲ್ಲ. ಸೈನಿಕರು ದೂರ ದೂರ ಮಾರ್ಚ್ ಮಾಡಿ ಪಾದದ ಎಲುಬಿನಲ್ಲಿ ಬಿರುಕು ಬರುತ್ತದೆ, ಅದಕ್ಕೆ ಆ ಹೆಸರು, ಎಂ ಸ್ಮಾಲ್. ಹಾಗೇ ಬಿಟ್ಟಿದ್ದರೆ ಓದಿದವರು ಮಾರ್ಚ್ ತಿಂಗಳಲ್ಲಿ ಆದ ಫ್ರ್ಯಾಕ್ಚರ್ ಅಂತ ತಿಳಿದುಕೊಳ್ಳುತ್ತಿದ್ದರು. ತಿದ್ದುವ ಕೆಲಸದಲ್ಲಿ ಕಣ್ಣು ಬೇಗ ಮೋಸ ಹೋಗುತ್ತದೆ, ಯಾಕೆಂದರೆ ಅಕ್ಷರ ಆಗಲೇ ಎದುರಿಗೆ ಕುಳಿತಿರುತ್ತದೆ, ಸರಿಯೇ ಇರಬೇಕು ಅನಿಸುತ್ತದೆ. ಹಾಗಾಗಿ ನಾನು ಆಡಿಯೋ ಮುಗಿದ ಮೇಲೆ ಪೆಡಲಿನಿಂದ ಕಾಲು ತೆಗೆದು, ಹೆಡ್‌ಫೋನ್ ಕೆಳಗಿಟ್ಟು, ಬರೀ ಕ್ಯಾಪಿಟಲ್ ನೋಡಲಿಕ್ಕೆ ಅಂತಲೇ ಇನ್ನೊಂದು ಸಲ ಓದುತ್ತೇನೆ. ಎರಡು ನಿಮಿಷದ ಕೆಲಸ.

ಎಕ್ಸ್‌ಪ್ಯಾಂಡರ್ ಇಟ್ಟುಕೊಳ್ಳುವವರು ಅದರ ಪಟ್ಟಿಯ ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಒಂದು ಸಿಡಿಲಿಗೆ ನನ್ನ ಮೋಡೆಮ್ಮೂ ಹೋಯಿತು, ಕಂಪ್ಯೂಟರೂ ಹೋಯಿತು, ಏಳು ವರ್ಷ ಒಂದೊಂದಾಗಿ ಸೇರಿಸಿದ ಪಟ್ಟಿಯೂ ಹೋಯಿತು. ಆ ಉದ್ದ ನೋಟ್‌ಬುಕ್ ಇದ್ದಿದ್ದಕ್ಕೆ ಮಳೆಗಾಲ ಮುಗಿಯುವುದರ ಒಳಗೆ ಮತ್ತೆ ಕಟ್ಟಿದೆ. ಈಗ ಪ್ರತಿ ಶನಿವಾರ ಪೆನ್‌ಡ್ರೈವಿಗೆ ಹಾಕಿ ಕೆಳಗೆ ದೇವರ ಕೋಣೆಯ ಕಪಾಟಿನಲ್ಲಿಡುತ್ತೇನೆ. ಮೋಡ ಕಟ್ಟಿದರೆ ಮೊದಲು ಪ್ಲಗ್ ತೆಗೆಯುತ್ತೇನೆ.