ದಲ್ಲಾಳಿ ಮಾತಿಗೆ ಐದರಲ್ಲಿ ಒಂದು ಮಾರ್ಕು

ನಮ್ಮದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. 5 ಎಕರೆ ಎರೆ ಹೊಲ. ಮೇಲಿನವರು ಭತ್ತಕ್ಕೆ ಕಟ್ಟಿಕೊಂಡು ಉಳಿದರೆ ನಮಗೆ ನೀರು. ‘ಪುಸ್ತಕ ನೋಡಿ ಬಿತ್ತಾವ’ ಅಂತ ಊರಲ್ಲಿ ಹೆಸರಿಟ್ಟಿದ್ದರು. ಈಗ ಅದೇ ಮಂದಿ ಮೇ ತಿಂಗಳು ನಮ್ಮ ಕಟ್ಟೆಗೆ ಬಂದು ಕೂಡುತ್ತಾರೆ.

ಮೊದಲು ನಾನೂ ಲಾಭ ಹೆಚ್ಚು ಕಂಡದ್ದನ್ನೇ ಹಾಕುತ್ತಿದ್ದೆ. ಒಂದು ವರ್ಷ 3 ಎಕರೆ ಮೆಣಸಿನಕಾಯಿ ಕಾಯಿ ಕಟ್ಟುವಾಗ ಕಾಲುವೆ ನೀರು ಬರೋದು ನಿಂತು, 2 ಲಕ್ಷದಷ್ಟು ಸಾಲ, ನೂರಕ್ಕೆ ಎರಡರ ಬಡ್ಡಿ. ಆಮೇಲೆ ಪುಸ್ತಕ ಇಟ್ಟೆ: ಯಾರು ಏನಂದರು, ಏನಾಯಿತು, ಮಾತು ಎಷ್ಟು ಸಲ ನಿಜ ಆಯಿತೋ ಅಷ್ಟು ಮಾರ್ಕು.

2024ರ ಮೇನಲ್ಲಿ ದಲ್ಲಾಳಿ, ‘ಮೆಣಸಿನಕಾಯಿ ಕ್ವಿಂಟಲಿಗೆ 20 ಸಾವಿರ ಖಾತ್ರಿ ಗೌಡ್ರ’ ಅಂದ. ಅವನ ಮಾತು ಐದರಲ್ಲಿ ಒಂದು ಸಲ ನಿಜ ಆಗಿತ್ತು. ಅಂದಮೇಲೆ ಅವನ 20ಕ್ಕೆ ಒಂದು ಪಾಲು, ನಮ್ಮ ಮಾಮೂಲಿ 11ಕ್ಕೆ ನಾಲ್ಕು ಪಾಲು, ಬಂದದ್ದು 12,800. ಎಕರೆಗೆ ಲಾಗೋಡಿ ಒಂದೂಕಾಲು ಲಕ್ಷ, ಇಳುವರಿ 15 ಕ್ವಿಂಟಲ್, ಉಳಿಯೋದು 67 ಸಾವಿರ. ಹತ್ತರಲ್ಲಿ ನಾಲ್ಕು ವರ್ಷ ನೀರು ಮುಟ್ಟಲ್ಲ, ಅಂದರೆ ಕಾಲುವೆಗೆ ಹತ್ತಕ್ಕೆ ಆರು ಮಾರ್ಕು. ಆಗ 6 ಕ್ವಿಂಟಲ್, 48 ಸಾವಿರ ಲುಕ್ಸಾನು. ಲುಕ್ಸಾನನ್ನು ನಾನು ಎರಡರಷ್ಟು ಹಿಡೀತೀನಿ. ಗಳಿಸಿದ ದುಡ್ಡಿನ ಹಿಂದೆ ನೆಂಟರು ಬರ್ತಾರೆ, ಕಳಕೊಂಡದ್ದರ ಹಿಂದೆ ಬಡ್ಡಿ ಬರ್ತದೆ. ಎಲ್ಲಾ ಕೂಡಿಸಿ ಕಳೆದರೆ ಎಕರೆಗೆ ಮೆಣಸಿನಕಾಯಿಗೆ 2 ಸಾವಿರ, ಇದೇ ಥರ ಲೆಕ್ಕ ಹಾಕಿದರೆ ತೊಗರಿಗೆ 10 ಸಾವಿರ.

‘ತಮ್ಮಾ, ಲೆಕ್ಕದಾಗ ಬೆಳಿ ಬರಂಗಿಲ್ಲ’ ಅಂದ ಅಣ್ಣ. 4 ಎಕರೆ ತೊಗರಿ ಬಿತ್ತಿದೆ. ಚಪಲಕ್ಕೆ ಒಂದೆಕರೆಗಾಗುವಷ್ಟು ಮೆಣಸಿನ ಸಸಿ ಮಡಿ ಮಾಡಿದೆ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹೆದರಿ ಕಾಲುವೆಯ ಮಾರ್ಕು ಸೊನ್ನೆ ಮಾಡಿ, ಸಸಿಯನ್ನು ಸಿಕ್ಕ ರೇಟಿಗೆ ಮಾರಿಬಿಟ್ಟೆ. ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು, ಮಳೆ ಬಂದು ಡ್ಯಾಮು ಮತ್ತೆ ತುಂಬಿತು. ಊರೆಲ್ಲ ನಕ್ಕರು. ಈಗ ವರ್ಷಕ್ಕೆ ಒಂದು ಮಾರ್ಕಿಗಿಂತ ಹೆಚ್ಚು ಏರಿಸಲ್ಲ, ಇಳಿಸಲ್ಲ.

ಬೇಸಿಗೆಗೆ ಮೆಣಸಿನಕಾಯಿ ರೇಟು 11 ಸಾವಿರದ ಆಸುಪಾಸಿಗೆ ಬಿತ್ತು, ನಗು ನಿಂತಿತು. ಆದರೆ ಸಸಿ ಮಾರಿ ಉಳಿದದ್ದು ನನ್ನ ನಸೀಬು, ಲೆಕ್ಕವಲ್ಲ. ತೊಗರಿಯಲ್ಲಿ ಉಳಿದ ಎಪ್ಪತ್ತು ಸಾವಿರದಷ್ಟು ಮಾತ್ರ ಲೆಕ್ಕದ್ದು.

ನಡುವೆ ಮೊಬೈಲಿನ ಮಳೆ ಸುದ್ದಿಗೂ ಮಾರ್ಕು ಹಾಕಿ ನೋಡಿದೆ. ಎರಡು ದಿನದ ಮಟ್ಟಿಗೆ ಚಲೋ. ವಾರದಾಚೆಗೆ ನಮ್ಮ ಅಮ್ಮನ ಮೊಣಕಾಲು ನೋವೇ ವಾಸಿ.

ಕಾಲುವೆಗೆ ಮಾತ್ರ ಮೇಲಿನ ಒಂದು ಊರಿನ ಭತ್ತದ ಸಸಿ ಮಡಿ ನೋಡಿ ಮಾರ್ಕು ಹಾಕ್ತೀನಿ. ಯಾವ ಊರು, ಯಾವ ವಾರ ಅಂತ ಅಣ್ಣನಿಗೂ ಹೇಳಿಲ್ಲ.