ಗುಣಿಸಬೇಕೋ ಭಾಗಿಸಬೇಕೋ? ಕೊನೆಯ ಸ್ವರ ನೋಡಿ

ಅಳತೆಗಳನ್ನು ಮೀಟರ್, ಗ್ರಾಂಗಳಿಗೆ ತರುವಾಗ ಅವುಗಳ ಮುಂದೆ ಸೇರುವ ಮಿಲಿ, ಸೆಂಟಿ, ಹೆಕ್ಟೋ, ಕಿಲೋಗಳಲ್ಲಿ ಮಕ್ಕಳು ತಡವರಿಸುತ್ತಿದ್ದರೆ ಕೊನೆಯ ಸ್ವರ ನೋಡಲು ಹೇಳಿ. 'ಇ' ಇದ್ದರೆ (ಡೆಸಿ, ಸೆಂಟಿ, ಮಿಲಿ) ಭಾಗಿಸಬೇಕು. 'ಆ' ಅಥವಾ 'ಓ' ಇದ್ದರೆ (ಡೆಕಾ, ಹೆಕ್ಟೋ, ಕಿಲೋ) ಗುಣಿಸಬೇಕು. 1795ರ ಫ್ರೆಂಚ್ ಕಾಯಿದೆ ಭಾಗಗಳಿಗೆ ಲ್ಯಾಟಿನ್ ಸಂಖ್ಯೆಗಳನ್ನು, ಮಡಿಗಳಿಗೆ ಗ್ರೀಕ್ ಸಂಖ್ಯೆಗಳನ್ನು ಹಂಚಿಕೊಟ್ಟಿದ್ದರಿಂದ ಈ ಗುರುತು ಸಿಗುತ್ತದೆ. ಲ್ಯಾಟಿನ್ನಿನ 'ಮಿಲ್ಲೆ', ಗ್ರೀಕಿನ 'ಖಿಲಿಯೊಯ್' ಎರಡಕ್ಕೂ ಅರ್ಥ ಸಾವಿರವೇ. ಆದರೆ ಮಿಲಿ ಸಾವಿರದಲ್ಲಿ ಒಂದು ಪಾಲು, ಕಿಲೋ ಸಾವಿರ ಪಟ್ಟು. 'ಮೀಟರ್' ಬಂದದ್ದು ಗ್ರೀಕಿನ 'ಮೆಟ್ರಾನ್'ನಿಂದ. ಹಾಗಾಗಿ ಕಿಲೋಮೀಟರ್ ಅಪ್ಪಟ ಗ್ರೀಕ್, ಮಿಲಿಮೀಟರ್ ಮಾತ್ರ ಬೆರಕೆ. ಹೆಕ್ಟೇರ್ ಕೂಡ ಬೆರಕೆಯೇ: ಗ್ರೀಕಿನ ನೂರು, ಲ್ಯಾಟಿನ್ 'ಆರಿಯಾ'ದಿಂದ ಬಂದ 'ಆರ್' (100 ಚದರ ಮೀಟರ್‌ನ ಅಳತೆ) ಸೇರಿ 100 ಆರ್, ಅಂದರೆ 10,000 ಚದರ ಮೀಟರ್. (ಸಂಸ್ಕೃತದ ಶತ, ಲ್ಯಾಟಿನ್ನಿನ ಕೆಂಟುಮ್, ಗ್ರೀಕಿನ ಹೆಕಟಾನ್ ಒಂದೇ ಬೇರಿನವು.) ಸೂತ್ರ ಕೈಕೊಡುವುದು ಮೈಕ್ರೋ, ನ್ಯಾನೋಗಳಲ್ಲಿ. ಇವು ಆಮೇಲೆ ಸೇರಿದವು, ಗ್ರೀಕ್ ಮೂಲದವು, ಆದರೆ ಸಂಖ್ಯೆಗಳಲ್ಲ: ಒಂದರ ಅರ್ಥ ಚಿಕ್ಕದು, ಇನ್ನೊಂದರದು ಕುಳ್ಳ. ಇವೆರಡನ್ನು ಬಾಯಿಪಾಠ ಮಾಡಿಸುವುದೇ ವಾಸಿ. ಅಳತೆಯ ಹೊರಗೂ ಸೂತ್ರ ನಡೆಯದು. ಮಿಲೆನಿಯಂ ಎಂದರೆ ಸಾವಿರ ವರ್ಷ, ವರ್ಷದ ಸಾವಿರದ ಒಂದು ಪಾಲಲ್ಲ.