ಮೂರು ಬೀಜದ ಶೇಂಗಾ ಕಾಯಿ ಮತ್ತು ಅಣ್ವಸ್ತ್ರ ಸಮತೋಲನ

ಚಿತ್ರದುರ್ಗದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಅಣ್ವಸ್ತ್ರ ಪೈಪೋಟಿ ಹೇಳಿಕೊಡಲು ನಾನು ಬಳಸುವುದು ಶೇಂಗಾ. ಅರ್ಧ ಕೆಜಿ ಬೀಜ, ಕಾಲು ಕೆಜಿ ಕಾಯಿ, ಐದು ತಟ್ಟೆ, ಮುಚ್ಚಳದ ಐದು ಡಬ್ಬಿ.

ಮೊದಲು ಒಂದು ಬೀಜಕ್ಕೆ ಹತ್ತು ಸಿಡಿತಲೆಯಂತೆ ಎಣಿಸಿ ಹಾಕಿಸುತ್ತೇನೆ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ 2025ರ ಜನವರಿ ಅಂದಾಜಿನ ಪ್ರಕಾರ ರಷ್ಯಾಕ್ಕೆ 431, ಅಮೆರಿಕಕ್ಕೆ 370, ಚೀನಾಕ್ಕೆ 60, ಭಾರತಕ್ಕೆ 18, ಪಾಕಿಸ್ತಾನಕ್ಕೆ 17. ಕೂಡಲೇ ಹುಡುಗರು 'ಯಾರ ಹತ್ರ ಜಾಸ್ತಿ' ಅಂತ ಶುರು ಮಾಡುತ್ತಾರೆ. ಕೇಳಬೇಕಾದದ್ದು ಬೇರೆ: ಮೊದಲ ಏಟು ಬಿದ್ದ ಮೇಲೆ ಉಳಿಯುವುದೆಷ್ಟು?

ಅದಕ್ಕೆ ಎರಡೇ ತಟ್ಟೆ, ತಲಾ 12 ಬೀಜ ಸಾಕು. ಇಲ್ಲಿ ಒಂದು ಬೀಜಕ್ಕೆ ಒಂದೇ ಸಿಡಿತಲೆ; ಬಿಡಿ ಬೀಜ ಅಂದರೆ ಒಂದೇ ಸಿಡಿತಲೆಯ ಕ್ಷಿಪಣಿ, ಕಾಯಿ ಅಂದರೆ ಹಲವು ಸಿಡಿತಲೆ ಹೊತ್ತ ಒಂದು ಕ್ಷಿಪಣಿ. ಗುರಿ ತಪ್ಪುವುದನ್ನೂ ಲೆಕ್ಕ ಹಿಡಿದು, ಎದುರಿನ ಒಂದನ್ನು ಕೆಡವಲು ಎರಡು ಬೀಜ ಖರ್ಚು. ಬಿಡಿ ಬೀಜವಾದರೆ ಹನ್ನೆರಡನ್ನೂ ಎಸೆದವನಿಗೆ ಸೊನ್ನೆ, ಎದುರಿನವನಿಗೆ ಇನ್ನೂ 6. ಯಾರೂ ಕೈ ಎತ್ತುವುದಿಲ್ಲ. ಈಗ ಅದರ ಬದಲು ಮೂರು ಬೀಜದ ಕಾಯಿ ನಾಲ್ಕು ನಾಲ್ಕು ಇಡಿ. ಬೀಜ ಅಷ್ಟೇ, 12. ಒಬ್ಬ ಎರಡು ಕಾಯಿ ಒಡೆದು ಆರು ಬೀಜ ಎಸೆದರೆ ಎದುರಿನ ಮೂರು ಕಾಯಿ, ಅಂದರೆ 9 ಬೀಜ ಹೋದವು. ಎಸೆದವನಲ್ಲಿ 6, ಎದುರಿನವನಲ್ಲಿ 3. ಒಂದು ಕಾಯಿ ಚಟ್ ಎಂದ ತಕ್ಷಣ ಎದುರಿನವನ ಕೈಯೂ ತನ್ನ ಕಾಯಿಗೆ ಹೋಗುತ್ತದೆ. ಅಸ್ಥಿರತೆ ಅಂದರೆ ಅದೇ. ನೆಲದಲ್ಲಿ ಹೂತಿಟ್ಟ ಬಹುಸಿಡಿತಲೆ ಕ್ಷಿಪಣಿಗಳನ್ನು 1993ರ ಅಮೆರಿಕ-ರಷ್ಯಾ ಒಪ್ಪಂದ ಸ್ಟಾರ್ಟ್-2 ಕೈಬಿಡಿಸಲು ಹೊರಟದ್ದು ಇದಕ್ಕೇ. ಅದು ಜಾರಿಗೆ ಬರಲೇ ಇಲ್ಲ.

ಕಾಯಿ ಆರಿಸುವಾಗ ಹುಷಾರು. ಎರಡು ಬೀಜದ ಕಾಯಿ ಇಟ್ಟರೆ ಪಾಠ ಕೈಕೊಡುತ್ತದೆ: ಆರು ಕಾಯಿಯ 12 ಬೀಜಕ್ಕೆ ಎದುರಿನ ಆರೂ ಕಾಯಿ ಹೋಗಿ, ಎರಡೂ ಕಡೆ ಸೊನ್ನೆ.

ಡಬ್ಬಿ ಅಂದರೆ ಜಲಾಂತರ್ಗಾಮಿ, ಅದರೊಳಗಿನದನ್ನು ಹೊಡೆಯುವಂತಿಲ್ಲ. ನಾಲ್ಕು ಬೀಜ ಡಬ್ಬಿಗೆ ಹೋದರೂ ಅವಸರ ತಗ್ಗುತ್ತದೆ.

ಮೂರನೇ ತಟ್ಟೆ ಬಂದರೆ ಸಮಬಲದ ಲೆಕ್ಕವೇ ಕೂಡುವುದಿಲ್ಲ. ಉಳಿದಿಬ್ಬರ ಮೊತ್ತಕ್ಕೆ ತಾನು ಸಮ ಇರಬೇಕೆಂದು ಮೂವರೂ ಹಟ ಹಿಡಿದರೆ ಸೊನ್ನೆ ಬಿಟ್ಟು ಯಾವ ಸಂಖ್ಯೆಯೂ ಹೊಂದದು. ನಿಯೋಜಿಸಿದ ಸಿಡಿತಲೆಗಳಿಗೆ 1550ರ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಅಮೆರಿಕ, ರಷ್ಯಾ ಇಬ್ಬರದೇ ಒಪ್ಪಂದ. 2026ರ ಫೆಬ್ರವರಿ 5ಕ್ಕೆ ಅದರ ಅವಧಿಯೂ ಮುಗಿಯಿತು.

ಏಳುಸುತ್ತಿನ ಕೋಟೆಯ ಊರಿನವರಿಗೆ ಒಪ್ಪಲು ಕಷ್ಟವಾಗುವುದು ಕ್ಷಿಪಣಿ ತಡೆಯೂ ಪೈಪೋಟಿ ಹೆಚ್ಚಿಸುತ್ತದೆ ಎಂಬ ಮಾತು. ಅಮೆರಿಕದ ತಟ್ಟೆಗೆ ಹತ್ತು ಬೀಜ ತಡೆಯುವ ರಟ್ಟು ಅಡ್ಡ ಇಡಿ. ಏಟು ತಿಂದು ಎಂಟು ಉಳಿಸಿಕೊಂಡ ಚೀನಾಕ್ಕೆ ಆ ಎಂಟೂ ದಂಡ; ಅದು ಬೀಜ ಹೆಚ್ಚಿಸುತ್ತದೆ, ಅದನ್ನು ನೋಡಿ ಭಾರತ, ಭಾರತವನ್ನು ನೋಡಿ ಪಾಕಿಸ್ತಾನ. ತಡೆಗೆ ಕಡಿವಾಣ ಹಾಕಿದ್ದ 1972ರ ಒಪ್ಪಂದದಿಂದ ಅಮೆರಿಕ 2002ರಲ್ಲಿ ಹೊರಬಂತು. ಅದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ಭಾರತದ ತಟ್ಟೆಗೆ ಕಾಯಿ ಇಡುವುದು ಕೊನೆಗೆ. 2024ರ ಮಾರ್ಚ್ 11ರಂದು ನಮ್ಮ ಅಗ್ನಿ-5 ಕ್ಷಿಪಣಿ ಬಹುಸಿಡಿತಲೆ ತಂತ್ರಜ್ಞಾನದೊಂದಿಗೆ ಹಾರಿತು. ಮೊದಲು ಬಳಸುವುದಿಲ್ಲ ಎಂಬುದು ನಮ್ಮ ನೀತಿಯಾದ್ದರಿಂದ ಆ ಕಾಯಿಯನ್ನು ತೆರೆದಿಡುವಂತಿಲ್ಲ. ಮೇಲೊಂದು ಟವೆಲ್ ಹೊದಿಸಿ, ಪ್ರತಿ ಸುತ್ತಿಗೂ ಅದರಡಿ ಜಾಗ ಬದಲಿಸಿ: ಲಾರಿ ಮೇಲೆ ಸಾಗುವ ಕ್ಷಿಪಣಿ ಬದುಕಿಕೊಳ್ಳುವುದು ಹಾಗೆ.